ಹಾಲು, ಬಿಸ್ಕತ್ತು, ತಿಳಿಸಾರು: ಡೇ ಕೇರ್ ಮಕ್ಕಳ ಹೊಟ್ಟೆಯಲ್ಲಿ ಊಟಕ್ಕೆ ಜಾಗ ಎಲ್ಲಿದೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಕೆಳಗಿನ ಭಾಗದಲ್ಲೇ ಡೇ ಕೇರ್ ನಡೆಸುತ್ತಿದ್ದೇನೆ. ಒಂದೂವರೆ ವರ್ಷದಿಂದ ಐದು ವರ್ಷದ ತನಕದ 14 ಮಕ್ಕಳಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಬಂದರೆ ಸಂಜೆ ಆರಕ್ಕೆ ಹೋಗುತ್ತಾರೆ. 11 ಗಂಟೆಗೆ ಒಂದು ಲೋಟ ಹಾಲು, ಎರಡು ಬಿಸ್ಕತ್ತು ಕೊಡುತ್ತೇವೆ. 12:30ಕ್ಕೆ ಅನ್ನ, ಸಾರು, ಸ್ವಲ್ಪ ಪಲ್ಯ. ಖಾರ ಆಗಬಾರದು ಅಂತ ಸಾರನ್ನು ತೆಳ್ಳಗೆ ಮಾಡಿಸುತ್ತೇನೆ, 14 ಮಕ್ಕಳಿಗೆ 100 ಗ್ರಾಂ ಬೇಳೆ. ಸಂಜೆ 4ಕ್ಕೆ ಮತ್ತೆ ಹಾಲು, ಜೊತೆಗೆ ಬಿಸ್ಕತ್ತು ಅಥವಾ ಬ್ರೆಡ್ ಜಾಮ್. ಊಟವನ್ನು ಹೆಚ್ಚಿನ ಮಕ್ಕಳು ಅರ್ಧಕ್ಕೇ ಬಿಡುತ್ತಾರೆ. ಎರಡು ವರ್ಷದ ಒಂದು ಹೆಣ್ಣುಮಗು ಹಾಲು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಅವಳ ಅಜ್ಜಿ ‘ಮೊಬೈಲ್ ತೋರಿಸಿಯಾದರೂ ತಿನ್ನಿಸಿ’ ಅನ್ನುತ್ತಾರೆ. ಕೆಲವರು ಡಬ್ಬದ ಪುಡಿ ತಂದುಕೊಟ್ಟು ಹಾಲಿಗೆ ಹಾಕಿ ಅನ್ನುತ್ತಾರೆ. ಇಬ್ಬರು ಮೊಟ್ಟೆ ಕೊಡಿ ಅಂದರೆ ಮೂವರು ಮೊಟ್ಟೆ ಬೇಯಿಸುವ ಕಡೆ ಮಗುವನ್ನು ಬಿಡಲ್ಲ ಅನ್ನುತ್ತಾರೆ. ಅಡುಗೆಯಕ್ಕ ಬೆಳಿಗ್ಗೆ 10ರಿಂದ 2ರ ತನಕ ಮಾತ್ರ ಇರುತ್ತಾರೆ. ಒಂದು ಒಳ್ಳೆಯ ಪೌಷ್ಟಿಕ ಊಟದ ಪಟ್ಟಿ ಮಾಡಿಕೊಡುತ್ತೀರಾ?

ಉತ್ತರ: ಪಟ್ಟಿ ಕೇಳಿದ್ದೀರಿ. ಕೊಡುತ್ತೇನೆ, ಆದರೆ ಕೊನೆಗೆ. ಮಕ್ಕಳ ಆಹಾರದ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಂದು ಡೇ ಕೇರ್‌ಗೆ ಬಣ್ಣಬಣ್ಣದ ಚಾರ್ಟ್ ಮಾಡಿಕೊಟ್ಟಿದ್ದೆ. ಸೋಮವಾರ ಇದು, ಮಂಗಳವಾರ ಅದು, ಎಲ್ಲಕ್ಕೂ ಗ್ರಾಂ ಲೆಕ್ಕ. ಎರಡು ತಿಂಗಳಾದ ಮೇಲೆ ಹೋಗಿ ನೋಡಿದರೆ ಚಾರ್ಟ್ ಗೋಡೆಯ ಮೇಲಿತ್ತು, ತಟ್ಟೆಯಲ್ಲಿ ಚಿತ್ರಾನ್ನ ಇತ್ತು. ತಪ್ಪು ನನ್ನದೇ. ಅಡುಗೆಯವರು ಬರುವುದೇ 11ಕ್ಕೆ ಅನ್ನುವುದನ್ನು ನಾನು ಕೇಳಿಯೇ ಇರಲಿಲ್ಲ.

ನಿಮ್ಮ ಪತ್ರದಲ್ಲಿ ಬೇಕಾದ ವಿವರ ಎಲ್ಲಾ ಇದೆ. ಮಕ್ಕಳು ಊಟ ಯಾಕೆ ಬಿಡುತ್ತಾರೆ ಅನ್ನುವುದಕ್ಕೆ ಉತ್ತರವೂ ಅದರಲ್ಲೇ ಇದೆ. 11ಕ್ಕೆ ಒಂದು ಲೋಟ ಹಾಲು ಮತ್ತು ಬಿಸ್ಕತ್ತು, ಒಂದೂವರೆ ಗಂಟೆ ಬಿಟ್ಟು ಊಟ. ಎರಡು ವರ್ಷದ ಮಗುವಿನ ಹೊಟ್ಟೆ ಎಷ್ಟು ದೊಡ್ಡದು ಹೇಳಿ? ಅದರ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಾಲು ಇಳಿದು ಹೋಗುವುದರೊಳಗೆ ನೀವು ಅನ್ನ ಬಡಿಸುತ್ತಿದ್ದೀರಿ. ಮಗು ಹಟ ಮಾಡುತ್ತಿಲ್ಲ. ಅದಕ್ಕೆ ಹಸಿವೆಯೇ ಇಲ್ಲ.

ಇನ್ನು ಸಾರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಮಕ್ಕಳ ಊಟ ಸೋರಿಹೋಗುವುದು ಇಲ್ಲೇ. ಬೇಳೆ ಬೇಯಿಸಿದ ಕಟ್ಟಿನಲ್ಲಿ ಸತ್ವವೆಲ್ಲ ಇದೆ ಎಂದು ನಮ್ಮ ಮನೆಗಳಲ್ಲಿ ಗಟ್ಟಿ ನಂಬಿಕೆ. ಮಗುವಿಗೆ ಜ್ವರ ಬಂದರೆ ಕಟ್ಟು, ಹಲ್ಲು ಬಂದರೆ ಕಟ್ಟು. ಒಂದು ಸಲ ನಿಮ್ಮ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ. ಸಾರು ಕುದಿಸಿ ಇಳಿಸಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. ಸೌಟನ್ನು ಮೇಲಿಂದ ಮೆಲ್ಲಗೆ ಅದ್ದಿ ತೆಗೆದು ಒಂದು ಬಟ್ಟಲಿಗೆ ಹಾಕಿ. ಆಮೇಲೆ ತಳಮುಟ್ಟ ಕಲಕಿ ಇನ್ನೊಂದು ಬಟ್ಟಲಿಗೆ ಹಾಕಿ. ಮೊದಲನೆಯದರಲ್ಲಿ ಹುಣಸೆಹುಳಿ, ಉಪ್ಪು, ಒಗ್ಗರಣೆಯ ಘಮ, ನೀರು. ಬೇಳೆ ಪೂರಾ ಎರಡನೆಯದರಲ್ಲಿ. ಮಕ್ಕಳಿಗೆ ‘ಖಾರ ಆಗುತ್ತೆ, ಮೇಲಿನ ತಿಳಿ ಹಾಕಿ’ ಅಂತ ನಾವು ಕೊಡುವುದು ಮೊದಲನೆಯದನ್ನು. ತಳದ ಗಟ್ಟಿಯನ್ನು ದೊಡ್ಡವರು ತಿನ್ನುತ್ತೇವೆ. ಒಬ್ಬಟ್ಟಿನ ಸಾರು ಮಾಡುವವರಿಗೆ ಇದು ಹೊಸ ವಿಷಯವೇನಲ್ಲ. ಹೂರಣ ಒಬ್ಬಟ್ಟಿಗೆ, ಕಟ್ಟು ಸಾರಿಗೆ. ಹೊಟ್ಟೆ ತುಂಬುವುದು ಯಾವುದರಿಂದ ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ಲೆಕ್ಕವನ್ನೂ ನೋಡಿ. 100 ಗ್ರಾಂ ಬೇಳೆಯನ್ನು 14 ಮಕ್ಕಳಿಗೆ ಹಂಚಿದರೆ ತಲೆಗೆ 7 ಗ್ರಾಂ. ಅದರಲ್ಲಿ ಪ್ರೋಟೀನ್ ಒಂದೂವರೆ ಗ್ರಾಂ. ತಿಳಿ ಮಾತ್ರ ಬಡಿಸಿದರೆ ಅದೂ ಇಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 12 ಗ್ರಾಂ ಪ್ರೋಟೀನ್ ಬೇಕು, ಸಾವಿರ ಕ್ಯಾಲರಿಯ ಆಸುಪಾಸು ಶಕ್ತಿ ಬೇಕು. ಒಂಬತ್ತೂವರೆ ಗಂಟೆ ನಿಮ್ಮಲ್ಲೇ ಇರುವ ಮಗುವಿಗೆ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮ ತಟ್ಟೆಯಿಂದಲೇ ಹೋಗಬೇಕು. ಬೇಳೆಯನ್ನು ಕಾಲು ಕೆಜಿಗೆ ಏರಿಸಿ. ಖಾರದ ಚಿಂತೆಗೆ ಸಾರನ್ನು ತೆಳ್ಳಗೆ ಮಾಡುವುದು ಪರಿಹಾರವಲ್ಲ, ಖಾರದ ಪುಡಿ ಕಡಿಮೆ ಮಾಡುವುದು ಪರಿಹಾರ. ಬೆಂದ ಬೇಳೆಯನ್ನು ಹುಳಿ, ಖಾರ ಹಾಕುವ ಮುಂಚೆಯೇ ಒಂದಷ್ಟು ತೆಗೆದಿಟ್ಟು, ಅರಿಶಿನ, ಚೂರು ಉಪ್ಪು, ತುಪ್ಪ ಹಾಕಿ ಸಣ್ಣ ಮಕ್ಕಳ ಅನ್ನಕ್ಕೆ ಕಲಸಿಬಿಡಿ. ಮಗುವಿಗೆ ಒಂದು ಚಮಚದ ಲೆಕ್ಕದಲ್ಲಿ ತುಪ್ಪ ಅಥವಾ ಎಣ್ಣೆ ಇರಲೇಬೇಕು. ‘ಮಕ್ಕಳಿಗೂ ಎಣ್ಣೆ ಕಮ್ಮಿ’ ಅನ್ನುವುದು ನಮ್ಮ ವಯಸ್ಸಿನವರ ಪಥ್ಯವನ್ನು ಅವರ ಮೇಲೆ ಹೇರಿದ ಹಾಗೆ. ಪುಟ್ಟ ಹೊಟ್ಟೆಗೆ ಸಣ್ಣ ತುತ್ತಿನಲ್ಲೇ ಜಾಸ್ತಿ ಶಕ್ತಿ ಬೇಕು.

ಈಗ ಹಾಲು. ಹಾಲು ಒಳ್ಳೆಯದೇ, ಬಿಡಿ ಅನ್ನುತ್ತಿಲ್ಲ. ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಅಂಗನವಾಡಿ ಮಕ್ಕಳಿಗೆ ಕೊಡುವುದು 150 ಮಿಲಿ. ನೀವೂ ಅಷ್ಟಕ್ಕೇ ನಿಲ್ಲಿಸಬಹುದು. ಹಾಲಿನಲ್ಲಿ ಇಲ್ಲದ್ದು ಕಬ್ಬಿಣಾಂಶ. ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರ್ ದಾಟಿ ಹಾಲು ಕುಡಿಯುವ ಮಗುವಿಗೆ ಬೇರೇನೂ ಬೇಡವಾಗುತ್ತದೆ. ರಕ್ತ ಕಡಿಮೆಯಾಗುತ್ತದೆ. ರಕ್ತ ಕಡಿಮೆಯಾದರೆ ಹಸಿವೆ ಇನ್ನೂ ಸಾಯುತ್ತದೆ. ಆಗ ‘ಏನೂ ತಿನ್ನಲ್ಲ, ಹಾಲಾದರೂ ಕುಡಿಯಲಿ’ ಅಂತ ಇನ್ನೊಂದು ಲೋಟ. ನನ್ನ ಹತ್ತಿರ ಬರುವ, ‘ಮಗು ಊಟ ಮಾಡಲ್ಲ’ ಅನ್ನುವ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆಯೇ ದಿನಕ್ಕೆ ಹಾಲೆಷ್ಟು ಅಂತ. ಉತ್ತರ ಬರುವಾಗ ಅಮ್ಮ ಅಜ್ಜಿಯ ಮುಖ ನೋಡುತ್ತಾರೆ, ಅಜ್ಜಿ ಬಾಗಿಲ ಕಡೆ ನೋಡುತ್ತಾರೆ. ಇದು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ 14 ಮಕ್ಕಳು ಉಳ್ಳವರ ಮನೆಯವರೇ ಇರಬಹುದು. ಇದು ಬಡವರ ಮನೆಯ ಕಾಯಿಲೆ ಮಾತ್ರ ಅಂತ ಅಂದುಕೊಳ್ಳಬೇಡಿ.

ಆ ಎರಡು ವರ್ಷದ ಪುಟ್ಟಿಯ ಮಾತಿಗೆ ಇಲ್ಲೇ ಬರುತ್ತೇನೆ. ಮೊದಲು ಅವಳ ಅಜ್ಜಿಗೆ ಇದನ್ನು ಹೇಳಿ, ಮೆತ್ತಗೆ. ಮಗು ಮೊದಲ ಒಂದು ವರ್ಷದಲ್ಲಿ ಹುಟ್ಟಿದಾಗಿನ ಮೂರು ಪಟ್ಟು ತೂಗುತ್ತದೆ. ಎರಡನೆಯ ವರ್ಷ ಪೂರ್ತಿ ಸೇರಿ ಹೆಚ್ಚುವುದು ಎರಡು, ಎರಡೂವರೆ ಕೆಜಿ. ಬೆಳೆಯುವ ವೇಗ ಇಳಿದ ಮೇಲೆ ಹಸಿವೆಯೂ ಇಳಿಯುತ್ತದೆ. ‘ಮುಂಚೆ ಚೆನ್ನಾಗಿ ತಿಂತಿತ್ತು, ಈಗ ತಿನ್ನಲ್ಲ’ ಅನ್ನುವ ದೂರಿಗೆ ಅರ್ಧ ಕಾರಣ ಇಷ್ಟೇ. ಒಂದು ಹೊತ್ತಿನ ತಟ್ಟೆ ನೋಡಿ ತೀರ್ಮಾನ ಮಾಡಬಾರದು. ಒಂದು ವಾರದ್ದನ್ನು ಕೂಡಿಸಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡಬೇಕು. ಗೆರೆ ತನ್ನ ದಾರಿಯಲ್ಲಿ ಮೇಲೆ ಹೋಗುತ್ತಿದ್ದರೆ ಗಾಬರಿ ಬೇಡ. ಮೂರು ತಿಂಗಳಿಂದ ಅಲ್ಲೇ ನಿಂತಿದ್ದರೆ, ಕೆಳಗೆ ಬಾಗಿದ್ದರೆ, ಮಗು ಬಿಳಿಚಿಕೊಂಡಿದ್ದರೆ, ಮಣ್ಣು, ಸುಣ್ಣ ತಿನ್ನುತ್ತಿದ್ದರೆ, ಗಟ್ಟಿ ಪದಾರ್ಥ ಬಾಯಿಗಿಟ್ಟಾಗೆಲ್ಲ ಕೆಮ್ಮುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಅದು ನಿಮ್ಮಿಂದ ಆಗುವ ಕೆಲಸವಲ್ಲ, ನನ್ನ ಪತ್ರದಿಂದಲೂ ಆಗುವುದಿಲ್ಲ.

ಮೊಬೈಲ್ ತೋರಿಸಿ ತಿನ್ನಿಸಿದರೆ ತುತ್ತು ಒಳಗೆ ಹೋಗುತ್ತದೆ, ನಿಜ. ಆದರೆ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ, ಏನು ತಿಂದೆ ಅನ್ನುವುದೂ ಗೊತ್ತಾಗುವುದಿಲ್ಲ. ಒಂದಷ್ಟು ದಿನದಲ್ಲಿ ಮೊಬೈಲ್ ಇಲ್ಲದೆ ಬಾಯೇ ತೆರೆಯುವುದಿಲ್ಲ. ಕೈಕಾಲು ಹಿಡಿದು ತುರುಕುವುದಂತೂ ಬೇಡವೇ ಬೇಡ. ಅಳುವ ಮಗುವಿನ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳುವ ಅಪಾಯ ಒಂದು ಕಡೆ, ತಟ್ಟೆ ಕಂಡರೇ ಹೆದರುವ ಅಭ್ಯಾಸ ಇನ್ನೊಂದು ಕಡೆ. ನಾನು ಡೇ ಕೇರ್‌ಗಳಿಗೆ ಹೇಳುವುದು ಒಂದೇ. ಏನು, ಯಾವಾಗ, ಎಲ್ಲಿ ಅನ್ನುವುದು ನಿಮ್ಮ ಕೈಯಲ್ಲಿರಲಿ. ಎಷ್ಟು ಅನ್ನುವುದನ್ನು ಮಗುವಿಗೆ ಬಿಡಿ. ಎರಡು ಚಮಚ ಬಡಿಸಿ. ಬೇಕಿದ್ದರೆ ಮತ್ತೆ ಕೇಳುತ್ತದೆ. ದೊಡ್ಡ ಗುಡ್ಡೆ ಅನ್ನ ಕಂಡರೆ ನಮಗೇ ಸಾಕು ಅನ್ನಿಸುತ್ತದೆ. ಹೊಸ ತರಕಾರಿಯನ್ನು ಮೂರು ಸಲ ಉಗುಳಿದರೆ ‘ಇದಕ್ಕೆ ಬೀಟ್‌ರೂಟ್ ಆಗಲ್ಲ’ ಅಂತ ಬರೆದಿಡಬೇಡಿ. ಎಷ್ಟೋ ಮಕ್ಕಳಿಗೆ ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೇ ಒಂದು ಚೂರು ಬಾಯಿಗೆ ಹೋಗುವುದು. ನಿಮಗೆ ಮನೆಯವರಿಗೆ ಇಲ್ಲದ ಒಂದು ಅನುಕೂಲ ಇದೆ. ಪಕ್ಕದಲ್ಲಿ ಕೂತ ನಾಲ್ಕು ವರ್ಷದ ಅಣ್ಣ ಹುರುಳಿಕಾಯಿ ಪಲ್ಯ ತಿನ್ನುವುದನ್ನು ಅವಳು ದಿನಾ ನೋಡುತ್ತಾಳೆ. ಅವಳನ್ನು ಬೇರೆ ಕೂರಿಸಬೇಡಿ, ಅವನ ಪಕ್ಕದಲ್ಲೇ ಕೂರಿಸಿ.

ಡಬ್ಬದ ಪುಡಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಾಮೂಲಿ ಪುಡಿಗಳಲ್ಲಿ ದೊಡ್ಡ ಪಾಲು ಧಾನ್ಯದ ಹಿಟ್ಟು ಮತ್ತು ಸಕ್ಕರೆ. ವಿಟಮಿನ್ ಬೆರೆಸಿರುತ್ತಾರೆ, ಸುಳ್ಳಲ್ಲ. ಆದರೆ ಸಿಹಿ ಹಾಲಿಗೆ ಒಗ್ಗಿದ ಮಗು ಬರೀ ಹಾಲನ್ನು ದೂಡುತ್ತದೆ. 2024ರಲ್ಲಿ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಅನ್ನುವ ಹೆಸರಿನಡಿ ಇಡಬೇಡಿ ಅಂತ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗೊಂದು ಪದಾರ್ಥಕ್ಕೆ ವ್ಯಾಖ್ಯೆಯೇ ಇಲ್ಲ. ಅಪ್ಪ-ಅಮ್ಮಂದಿರ ಜೊತೆ ಜಗಳ ಬೇಡ. ‘ಪುಡಿಯನ್ನು ಮನೆಯಲ್ಲೇ ಕೊಡಿ, ಇಲ್ಲಿ ಎಲ್ಲರಿಗೂ ಒಂದೇ ಹಾಲು’ ಅಂದುಬಿಡಿ. ವೈದ್ಯರು ಬರೆದುಕೊಟ್ಟದ್ದಾದರೆ ಮಾತು ಬೇರೆ.

ಅದರ ಬದಲು ಮೊಳಕೆ ರಾಗಿ ಹಿಟ್ಟು ಮಾಡಿಸಿಟ್ಟುಕೊಳ್ಳಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸಿಸುವುದು. ನಮ್ಮ ಅಜ್ಜಿಯರು ಕೂಸುಗಳಿಗೆ ರಾಗಿ ಸರಿ ಮಾಡುತ್ತಿದ್ದದ್ದು ಹೀಗೇ. ಸುಮ್ನೆ ಸಂಪ್ರದಾಯ ಅಲ್ಲ ಇದು. ಮೊಳಕೆ ಬರುವಾಗ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಮಾಮೂಲಿ ಹಿಟ್ಟಿಗಿಂತ ಜಾಸ್ತಿ ಹಿಟ್ಟು ಹಾಕಿದರೂ ಸರಿ ಅಂಟಂಟಾಗದೆ, ನುಂಗುವ ಹದಕ್ಕೆ ಸಡಿಲವಾಗಿರುತ್ತದೆ. ಅದೇ ಬಟ್ಟಲಿನಲ್ಲಿ ಜಾಸ್ತಿ ಆಹಾರ ಕೂರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇರುವುದು ಅದರ ಒಂದು ಚೂರು ಮಾತ್ರ. ಬೆಲ್ಲ ಹಾಕಿದರೆ ಕಬ್ಬಿಣಾಂಶ ಬರುತ್ತೆ ಅಂತ ಕೈಬಿಟ್ಟು ಸುರಿಯಬೇಡಿ. ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ. ಎರಡು ವರ್ಷದೊಳಗಿನವರಿಗೆ ಅದೂ ಬೇಡ, ಹಿಸುಕಿದ ಏಲಕ್ಕಿ ಬಾಳೆಹಣ್ಣಿನ ಸಿಹಿ ಸಾಕು.

ಮೊಟ್ಟೆಯದ್ದು ಆಹಾರಕ್ಕಿಂತ ನೆಂಟಸ್ತಿಕೆಯ ಸಮಸ್ಯೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಅದಕ್ಕೆ ಸಮನಾದದ್ದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಉಷ್ಣ ಆಗುತ್ತೆ, ಬೇಸಿಗೆಯಲ್ಲಿ ಕೊಡಬಾರದು ಅನ್ನುವುದಕ್ಕೆ ಆಧಾರ ಇಲ್ಲ. ಆದರೂ ಬೇಡ ಅನ್ನುವ ಮನೆಯವರ ಮಾತಿಗೆ ಬೆಲೆ ಕೊಡಲೇಬೇಕು. ನಿಮ್ಮ ಮುಂದಿರುವ ದಾರಿ ಎರಡು. ಡೇ ಕೇರ್ ಪೂರ್ತಿ ಸಸ್ಯಾಹಾರಿ ಅಂತ ಘೋಷಿಸಿ, ಮೊಟ್ಟೆ ಬೇಕಾದವರು ಮನೆಯಲ್ಲೇ ಬೆಳಿಗ್ಗೆ ಕೊಡಲಿ ಅನ್ನುವುದು. ಆಗ ಬೇಳೆ, ಕಾಳು, ಮೊಸರಿನ ಅಳತೆಯಲ್ಲಿ ನೀವು ಒಂದು ದಿನವೂ ಕೈ ಹಿಡಿಯುವ ಹಾಗಿಲ್ಲ. ಇಲ್ಲವಾದರೆ ಬೇರೆ ಪಾತ್ರೆ, ಲಿಖಿತ ಒಪ್ಪಿಗೆ ಇಟ್ಟುಕೊಂಡು ವಾರಕ್ಕೆ ಎರಡು ದಿನ ಬೇಕಾದವರಿಗೆ ಮಾತ್ರ ಬೇಯಿಸಿದ ಮೊಟ್ಟೆ ಕೊಡುವುದು. ಇದರಲ್ಲಿ ತೊಂದರೆ ಏನೆಂದರೆ ಮೂರು ವರ್ಷದ ಕೈ ಪಕ್ಕದ ತಟ್ಟೆಗೆ ಹೋಗಿಯೇ ಹೋಗುತ್ತದೆ. ಒಂದು ಸಲ ಹಾಗಾದರೆ ನಿಮ್ಮ ಮೇಲಿನ ನಂಬಿಕೆ ಹೋಯಿತು. ಮೂವರು ಇಷ್ಟು ಗಟ್ಟಿಯಾಗಿ ಹೇಳಿರುವಾಗ, ಇರುವುದು ಒಬ್ಬರೇ ಸಹಾಯಕಿಯಾದರೆ, ನಾನಾಗಿದ್ದರೆ ಮೊದಲ ದಾರಿ ಹಿಡಿಯುತ್ತಿದ್ದೆ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ, ಮುಂಚೆ ಚಿಕ್ಕಿಯನ್ನೂ ಕೊಡುತ್ತಿದ್ದರು. ಅದನ್ನು ನೋಡಿ ನೀವೂ ಚಿಕ್ಕಿ ತರಬೇಡಿ. ಶಾಲೆಯ ಮಕ್ಕಳ ಹಲ್ಲು ಬೇರೆ, ನಿಮ್ಮವರ ಹಲ್ಲು ಬೇರೆ.

ಇದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿರುವ ಕಡೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು, ಗಟ್ಟಿ ಮಿಠಾಯಿ ಇವು ಅಡುಗೆಮನೆ ದಾಟಿ ಹೊರಗೆ ಬರಬಾರದು. ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಹೋಗಿ ಆಸ್ಪತ್ರೆಗೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅದನ್ನೇ ನುಣ್ಣಗೆ ಪುಡಿ ಮಾಡಿ ಅವಲಕ್ಕಿಗೆ ಬೆರೆಸಿದರೆ ಒಳ್ಳೆಯ ಆಹಾರ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಸಪೋಟ, ಸೀತಾಫಲದ ಬೀಜ ತೆಗೆಯಿರಿ. ಕಡಲೆಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದಿರಬೇಕು, ಎರಡು ವರ್ಷದವರಿಗೆ ಒತ್ತಿಯೇ ಕೊಡಬೇಕು. ಓಡಾಡುತ್ತಾ, ಮಲಗಿಕೊಂಡು ತಿನ್ನುವುದು ಬೇಡ. ಗಂಟಲಲ್ಲಿ ಸಿಕ್ಕಿಕೊಂಡಾಗ ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ಬೆನ್ನಿಗೆ ಹೇಗೆ ತಟ್ಟಬೇಕು, ಹೊಟ್ಟೆ ಹೇಗೆ ಒತ್ತಬೇಕು ಅನ್ನುವುದನ್ನು ನೀವು ಮತ್ತು ಸಹಾಯಕಿ ಇಬ್ಬರೂ ಮಕ್ಕಳ ವೈದ್ಯರ ಬಳಿ ಒಂದು ಅರ್ಧ ಗಂಟೆ ಕೂತು ಕೈಯಾರೆ ಮಾಡಿ ಕಲಿಯಿರಿ.

ಮನೆಯಿಂದಲೇ ಡಬ್ಬಿ ತರಿಸಿಕೊಂಡರೆ ನಿಮ್ಮ ಕೆಲಸ ಹಗುರ ಅನ್ನಿಸಬಹುದು. ಆದರೆ ಏಳು ಗಂಟೆಗೆ ಬಿಸಿಬಿಸಿ ತುಂಬಿದ ಅನ್ನ ಹನ್ನೆರಡೂವರೆ ತನಕ ಉಗುರುಬೆಚ್ಚಗೆ ಕೂತಿರುತ್ತದೆ. ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಅನ್ನದಲ್ಲಿ ಹುಟ್ಟುವ ಕೆಲವು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಳಗಿನ ತಿಂಡಿ ಡಬ್ಬಿಯಲ್ಲಿ ಬರಲಿ, 9 ಗಂಟೆಗೆ ತಿನ್ನಿಸಿಬಿಡಿ. ಎಷ್ಟೋ ಮಕ್ಕಳು ಅರೆನಿದ್ದೆಯಲ್ಲಿ ಎರಡು ಗುಟುಕು ಹಾಲು ಕುಡಿದು ಬಂದಿರುತ್ತಾರೆ, ಅವರ ಹಸಿವೆ ಶುರುವಾಗುವುದು ಆಗಲೇ. ಊಟ ಮಾತ್ರ ನಿಮ್ಮ ಒಲೆಯದ್ದೇ ಇರಲಿ.

ಅಂದರೆ ನಿಮ್ಮ ದಿನ ಹೀಗೆ ಹೋಗಬಹುದು. 9ಕ್ಕೆ ಡಬ್ಬಿಯ ತಿಂಡಿ. ಹತ್ತೂವರೆಗೆ ಹಣ್ಣು ಮಾತ್ರ, ಪಪ್ಪಾಯಿ, ಬಾಳೆ, ಮೆತ್ತಗಿನ ಸೀಬೆಹಣ್ಣು, ಬೀಜದ ಭಾಗ ತೆಗೆದು. ಹನ್ನೆರಡೂವರೆಗೆ ಊಟ. ನಿದ್ದೆಯಿಂದ ಎದ್ದ ಮೇಲೆ, 3:30ಕ್ಕೆ 150 ಮಿಲಿ ಹಾಲು ಮತ್ತು ಹೊಟ್ಟೆ ತುಂಬುವಂಥ ಒಂದು ತಿಂಡಿ. ದಿನದಲ್ಲಿ ಹಾಲು ಇದೊಂದೇ ಸಲ.

ಊಟಕ್ಕೆ ಅಡುಗೆಯಕ್ಕನ ಎರಡೂವರೆ ಗಂಟೆಯಲ್ಲಿ ಆಗುವುದನ್ನೇ ಹೇಳುತ್ತೇನೆ. ಎರಡು ದಿನ ಮಸ್ಸೊಪ್ಪು, ದಂಟು, ಹರಿವೆ, ಸಿಕ್ಕಿದ ದಿನ ಒಂದು ಹಿಡಿ ನುಗ್ಗೆಸೊಪ್ಪು, ಬೇಳೆ ಜೊತೆ ಕುಕ್ಕರಿನಲ್ಲೇ ಬೇಯಿಸಿ ಮಸೆದದ್ದು. ಬಡಿಸುವಾಗ ತಟ್ಟೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ. ಹುಳಿ ಇದ್ದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಒಂದು ದಿನ ಹೆಸರುಬೇಳೆ ಪೊಂಗಲ್. ಒಂದು ದಿನ ಮೊಳಕೆ ಹೆಸರುಕಾಳಿನ ಸಾರು, ತಳ ಕಲಕಿ ಬಡಿಸಿದ್ದು. ಒಂದು ದಿನ ತರಕಾರಿ ಜಾಸ್ತಿ, ಖಾರ ಕಡಿಮೆ ಇರುವ ಬಿಸಿಬೇಳೆಬಾತ್. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಬಂದಾಗ ಬೇರೆ ಏನೂ ಯೋಚನೆ ಮಾಡಬೇಡಿ, ಮಕ್ಕಳೂ ಮೈಸೂರಿನವರೇ ತಾನೆ. ದಿನಾ ಕೊನೆಗೆ ಎರಡು ಚಮಚ ಮೊಸರನ್ನ. ಮೊಸರು ಮತ್ತು ಬಾಳೆಹಣ್ಣಿನಿಂದ ನೆಗಡಿ ಬರುವುದಿಲ್ಲ. ಅದು ಬರುವುದು ಪಕ್ಕದ ಮಗುವಿನ ಮೂಗಿನಿಂದ. ಸಂಜೆಗೆ ಬಿಸ್ಕತ್ತಿನ ಜಾಗಕ್ಕೆ ಮೊಸರವಲಕ್ಕಿ, ಬೇಯಿಸಿದ ಗೆಣಸು, ರಾಗಿ ಸರಿ, ಹುರಿಹಿಟ್ಟಿನ ಮೆತ್ತನೆ ಉಂಡೆ. ಅಕ್ಕ 2 ಗಂಟೆಗೆ ಹೋಗುವ ಮುಂಚೆ ಗೆಣಸು ಬೇಯಿಸಿಟ್ಟು ಹೋದರೆ ಆಯಿತು, ಉಳಿದದ್ದಕ್ಕೆ ಒಲೆ ಹತ್ತು ನಿಮಿಷ ಸಾಕು.

ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಸಿರಪ್ ಅಂಗನವಾಡಿಗೆ ಹೋಗುವ ಮಕ್ಕಳಿಗೆ ಸಿಗುತ್ತದೆ, ಡೇ ಕೇರ್ ಮಕ್ಕಳಿಗೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10 ಜಂತುಹುಳ ನಿವಾರಣಾ ದಿನ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಒಮ್ಮೆ ಮಾತಾಡಿಸಿ.

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸಲು ಹೋಗಬೇಡಿ, ಅಕ್ಕ ಕೆಲಸ ಬಿಟ್ಟು ಹೋಗುತ್ತಾರೆ. ಈ ವಾರ 11 ಗಂಟೆಯ ಹಾಲು ನಿಲ್ಲಿಸಿ, ಆ ಪುಟ್ಟಿ ಮೊದಲ ಮೂರು ನಾಲ್ಕು ದಿನ ಗಲಾಟೆ ಮಾಡುತ್ತಾಳೆ ಅಂತ ಅವಳ ಅಜ್ಜಿಗೆ ಮುಂಚೆಯೇ ಹೇಳಿಡಿ. ಸಂಜೆಯ ತಿಂಡಿಯನ್ನು ಮುಂದಿನ ವಾರ ನೋಡಿಕೊಳ್ಳಬಹುದು. ಬೇಳೆಯನ್ನು ಮಾತ್ರ ನಾಳೆಯೇ ಕಾಲು ಕೆಜಿ ಮಾಡಿ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ರೂಪಾಯಿ ಜಾಸ್ತಿ ಆಗಬಹುದು, ಅದು ಬಿಸ್ಕತ್ತಿನ ದುಡ್ಡಲ್ಲೇ ಉಳಿಯುತ್ತದೆ.